ಹದಿನೇಳು ವರ್ಷಗಳ ಅಜ್ಞಾತವಾಸ

ಪಾಂಡವರು ೧೨ ವರ್ಷ ವನವಾಸವನ್ನೂ ಒಂದು ವರ್ಷ ಅಜ್ಞಾತವಾಸವನ್ನೂ ಕಳೆದು, ಅವಧಿ ತುಂಬಿದೊಡನೆ ವಿರಾಟನಗರದಲ್ಲಿ ಪ್ರಕಟರಾದ ಕಥೆ ನಮಗೆಲ್ಲ ತಿಳಿದದ್ದೇ. ಅಲ್ಲಿ ಕಾಲದ ಲೆಕ್ಕವೇ ಎಲ್ಲಕ್ಕೂ ಮಿಗಿಲಾಗಿತ್ತು. ಗಡುವಿಗೆ ಮೊದಲೇ ಗುರುತು ಸಿಕ್ಕಿದ್ದರೆ ಮರಳಿ ಕಾಡೇ ಗತಿ. ಅವಧಿ ತುಂಬಿತೋ ಇಲ್ಲವೋ ಎಂಬ ಸಂಶಯ ಎದ್ದಾಗ ಅಧಿಕಮಾಸಗಳನ್ನೆಲ್ಲ ಕೂಡಿಸಿ ನೋಡಿ ಭೀಷ್ಮನೇ ನಿರ್ಣಯ ಹೇಳಬೇಕಾಯಿತು. ಮನುಷ್ಯರಿಗೇ ಇಷ್ಟು ತೊಡಕಾದ ಈ ಎಣಿಕೆಯನ್ನು, ಪಂಚಾಂಗವಿರಲಿ, ಸೂರ್ಯನ ಬೆಳಕನ್ನೂ ಕಾಣದ ಒಂದು ಪುಟ್ಟ ಕೀಟ ನೆಲದಡಿಯ ಕತ್ತಲೆಯಲ್ಲಿ ಕುಳಿತು ಮಾಡುತ್ತದೆ. ೧೩ ಅಥವಾ ೧೭ ವರ್ಷಗಳು ತುಂಬಿದ ವಸಂತದಲ್ಲಿ ತನ್ನ ಓರಗೆಯ ಕೋಟ್ಯಂತರ ಕೀಟಗಳೊಡನೆ ಅದು ಒಮ್ಮೆಗೇ ಹೊರಬರುತ್ತದೆ. ಅದು ಎಣಿಸುವುದು ಹೇಗೆ, ಇಷ್ಟು ದೀರ್ಘಕಾಲ ಕಾಯುವುದೇಕೆ, ಕಾಯುವಾಗ ಅದಕ್ಕೆ ಒದಗಬಹುದಾದ ವಿಪತ್ತು ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕೀಟದ ಪರಿಚಯ

ಬೇಸಗೆಯಲ್ಲಿ ಮಲೆನಾಡಿನ ಕಾಡಿನೊಳಗೆ ಹೊಕ್ಕವರಿಗೆ, ಮರಗಳೇ ಕೂಗುತ್ತಿವೆಯೋ ಎಂಬಂತೆ ಕಿವಿ ತುಂಬುವ ಝೇಂಕಾರ ಪರಿಚಿತವಾದದ್ದು. ಅನೇಕರು ಇದನ್ನು ಜೀರುಂಡೆಯ ಕೂಗೆಂದು ಕರೆಯುವುದುಂಟು. ಕೀಟಶಾಸ್ತ್ರದಲ್ಲಿ ಈ ಗಾಯಕನ ಹೆಸರು ಸಿಕಾಡ. ಇದು ಮಿಡತೆಯ ಜಾತಿಗಾಗಲಿ, ಗಟ್ಟಿ ರೆಕ್ಕೆಯ ದುಂಬಿಯ ಜಾತಿಗಾಗಲಿ ಸೇರಿದುದಲ್ಲ. ಸೂಜಿಯಂಥ ಮೂತಿಯನ್ನು ಚುಚ್ಚಿ ಗಿಡಮರಗಳ ರಸವನ್ನು ಹೀರುವ ತಿಗಣೆಗಳ ಬಳಗಕ್ಕೆ ಸೇರಿದುದು. ನಮ್ಮ ಕಾಡುಗಳ ಸಿಕಾಡಗಳ ಮರಿಗಳೂ ನೆಲದೊಳಗೆ ಬೆಳೆಯುತ್ತವೆ. ಆದರೆ ಅವು ಎಲ್ಲವೂ ಒಂದೇ ವರ್ಷ ಬಲಿಯುವುದಿಲ್ಲವಾದ್ದರಿಂದ, ಪ್ರತಿವರ್ಷವೂ ಕೆಲವು ಮೇಲೆ ಬಂದು ಹಾಡುತ್ತವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಾರ್ಧದ ಕಾಡುಗಳಲ್ಲಿ ವಾಸಿಸುವ ಮ್ಯಾಜಿಸಿಕಾಡ ಎಂಬ ಕುಲದ ರೀತಿಯೇ ಬೇರೆ. ಈ ಕುಲದಲ್ಲಿ ಒಟ್ಟು ೭ ಪ್ರಭೇದಗಳಿವೆ. ಅವುಗಳಲ್ಲಿ ೩ಕ್ಕೆ ೧೭ ವರ್ಷಗಳ ಬಾಳು. ಉಳಿದ ೪ಕ್ಕೆ ೧೩ ವರ್ಷಗಳ ಬಾಳು. ಹದಿನೇಳು ವರ್ಷದವು ಹೆಚ್ಚಾಗಿ ಉತ್ತರದಲ್ಲಿಯೂ ಹದಿಮೂರು ವರ್ಷದವು ದಕ್ಷಿಣದಲ್ಲಿಯೂ ಇರುತ್ತವೆ. ಕಪ್ಪು ಮೈ, ಕೆಂಡದಂಥ ಕೆಂಪು ಕಣ್ಣು, ಕಿತ್ತಳೆ ಬಣ್ಣದ ನರಗಳುಳ್ಳ ಪಾರದರ್ಶಕ ರೆಕ್ಕೆ—ಇವು ಇದರ ಲಕ್ಷಣಗಳು. ಮೈಯ ಉದ್ದ ಎರಡೂವರೆಯಿಂದ ಮೂರು ಸೆಂಟಿಮೀಟರ್ ಮಾತ್ರ. ಇದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ಪೈರನ್ನು ಮೇಯುವುದಿಲ್ಲ.

ಐರೋಪ್ಯ ವಲಸೆಗಾರರು ಈ ಕೀಟವನ್ನು ಮೊದಲು ಕಂಡಾಗ, ಬೈಬಲ್ಲಿನಲ್ಲಿ ಹೇಳಿರುವ ಮಿಡತೆಗಳ ಪಿಡುಗೇ ಬಂದಿತೆಂದು ಬೆದರಿದರು. ಪ್ಲಿಮತ್ ನೆಲಸುನಾಡಿನವರು ಇದನ್ನು ಕಂಡದ್ದು ೧೬೩೪ರ ಸುಮಾರಿಗೆ. ಅದೇ ಸೀಮೆಯಲ್ಲಿ ಈ ಕೀಟ ೨೦೨೫ರಲ್ಲಿ ಮತ್ತೆ ಎದ್ದಿತು. ನಡುವಣ ೩೯೧ ವರ್ಷಗಳನ್ನು ೧೭ರಿಂದ ಭಾಗಿಸಿದರೆ ಸರಿಯಾಗಿ ೨೩ ಬರುತ್ತದೆ, ಶೇಷವಿಲ್ಲ. ೧೭೪೯ರಲ್ಲಿ ಅಮೆರಿಕದಲ್ಲಿ ಸಂಚರಿಸುತ್ತಿದ್ದ ಲಿನೇಯಸನ ಶಿಷ್ಯ ಪೆಹ್ರ್ ಕಾಲ್ಮ್ ಈ ಕೀಟಗಳನ್ನು ಕಂಡು ವರದಿ ಬರೆದನು. ೧೭೫೮ರಲ್ಲಿ ಲಿನೇಯಸನು ಇದಕ್ಕೆ ಹದಿನೇಳು ಎಂಬ ಅರ್ಥ ಬರುವ ಸೆಪ್ಟೆನ್‌ಡೆಸಿಮ್ ಎಂಬ ಹೆಸರನ್ನಿಟ್ಟನು.

ಅದೇ ೧೭೪೯ರಲ್ಲಿ ಮೇರಿಲೆಂಡ್ ಪ್ರಾಂತದ ಒಂದು ಹೊಲದಲ್ಲಿ ಬೆಂಜಮಿನ್ ಬ್ಯಾನೆಕರ್ ಎಂಬ ತರುಣನೂ ಇದನ್ನು ನೋಡಿದನು. ಕಪ್ಪು ಜನಾಂಗದ ಈ ಸ್ವತಂತ್ರ ರೈತ ಮುಂದೆ ಪಂಚಾಂಗಕರ್ತನೆಂದು ಪ್ರಸಿದ್ಧನಾದವನು. ಮೊದಲು ಬೆಳೆಗೆ ಹಾನಿಯಾದೀತೆಂದು ಕೀಟಗಳನ್ನು ಕೊಲ್ಲಲು ಹೊರಟ ಆತ, ಅದು ವ್ಯರ್ಥಶ್ರಮವೆಂದು ಬೇಗನೆ ಅರಿತನು. ೧೭೬೬ರಲ್ಲಿಯೂ ೧೭೮೩ರಲ್ಲಿಯೂ ಅವು ಮತ್ತೆ ಬಂದುದನ್ನು ಗುರುತಿಸಿಟ್ಟು, ಇನ್ನು ೧೮೦೦ರಲ್ಲಿ ಬರುವುವೆಂದು ಮುಂದಾಗಿ ಬರೆದಿಟ್ಟನು. ಹಾಗೆಯೇ ಬಂದವು. ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತದೆ, ತಾಳ್ಮೆಯೊಂದನ್ನೇ ಉಪಕರಣವನ್ನಾಗಿ ಮಾಡಿಕೊಂಡು ಬ್ಯಾನೆಕರ್ ನಡೆಸಿದ ಈ ವೀಕ್ಷಣೆ ನಮ್ಮ ವಿದ್ಯಾರ್ಥಿಗಳಿಗೆ ಮೇಲ್ಪಂಕ್ತಿಯಾಗಬಲ್ಲುದು.

ಎಲ್ಲ ಊರುಗಳಲ್ಲಿಯೂ ಇವು ಒಂದೇ ವರ್ಷ ಏಳುವುದಿಲ್ಲ. ಒಂದು ಸೀಮೆಯಲ್ಲಿ ಒಟ್ಟಿಗೆ ಏಳುವವನ್ನು ಒಂದು ತಂಡವೆಂದು ಎಣಿಸುವುದು ವಾಡಿಕೆ. ೧೮೯೮ರಲ್ಲಿ ಚಾರ್ಲ್ಸ್ ಮಾರ್ಲಟ್ ಎಂಬ ಕೀಟಶಾಸ್ತ್ರಜ್ಞರು ತಂಡಗಳಿಗೆ ಕ್ರಮಾಂಕ ಕೊಟ್ಟರು. ಇಂದು ಹದಿನೇಳು ವರ್ಷದ ೧೨ ತಂಡಗಳೂ ಹದಿಮೂರು ವರ್ಷದ ೩ ತಂಡಗಳೂ ಉಳಿದಿವೆ.

ಹೊರಬರುವ ಇರುಳು

ಗಡುವಿನ ವರ್ಷ ಬಂದಾಗ, ಏಪ್ರಿಲ್ ತಿಂಗಳ ಹೊತ್ತಿಗೆ ಮರಿಗಳು ಮೇಲ್ಮುಖವಾಗಿ ಬಿಲ ಕೊರೆದು ನೆಲದ ಅಂಚಿನಲ್ಲಿ ಕಾದು ಕುಳಿತಿರುತ್ತವೆ. ನೆಲ ತೀರ ತೇವವಾಗಿದ್ದರೆ ಬಿಲದ ಬಾಯಿಗೆ ಮಣ್ಣಿನ ಪುಟ್ಟ ಗೋಪುರವನ್ನು ಕಟ್ಟಿಕೊಳ್ಳುವುದೂ ಉಂಟು. ಸುಮಾರು ೨೦ ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಉಷ್ಣತೆ ೧೮ ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅವಕ್ಕೆ ಅಪ್ಪಣೆಯಾದಂತೆ. ಬೆಚ್ಚಗಿನ ಮಳೆ ಬಿದ್ದು ಬಿಟ್ಟ ಸಂಜೆಯಾದರೆ ಇನ್ನೂ ಅನುಕೂಲ. ಕತ್ತಲು ಕವಿಯುತ್ತಿರುವಂತೆ ಸಾವಿರ ಸಾವಿರ ಮರಿಗಳು ನೆಲದಿಂದ ಹೊರಟು, ಹತ್ತಿರದ ಮರ, ಬೇಲಿ, ಗೋಡೆ—ಸಿಕ್ಕಿದುದನ್ನು ಹತ್ತುತ್ತವೆ. ಅಲ್ಲಿ ಕಾಲೂರಿ ನಿಂತಾಗ ಬೆನ್ನಿನ ಪೊರೆ ಸೀಳಿ, ಒಳಗಿನಿಂದ ಹಾಲುಬಿಳುಪಿನ ಮೃದುವಾದ ಕೀಟ ಹೊರಬರುತ್ತದೆ. ಮುದುಡಿದ್ದ ರೆಕ್ಕೆಗಳು ನಿಧಾನವಾಗಿ ಅರಳುತ್ತವೆ. ಬೆಳಗಾಗುವುದರೊಳಗೆ ಮೈ ಗಟ್ಟಿಯಾಗಿ ಕಪ್ಪಾಗುತ್ತದೆ. ಬರಿದಾದ ಪೊರೆ ಕಂದುಬಣ್ಣದ ಅಂಗಿಯಂತೆ ಮರಕ್ಕೆ ಅಂಟಿಕೊಂಡೇ ಉಳಿಯುತ್ತದೆ.

ಕೆಲವು ದಿನಗಳಾದ ಮೇಲೆ ಗಂಡುಗಳ ಗಾಯನ ಮೊದಲಾಗುತ್ತದೆ. ಗಂಡಿನ ಹೊಟ್ಟೆಯ ಬುಡದಲ್ಲಿ, ಎಡಬಲಗಳಲ್ಲಿ, ಏಣುಗಳುಳ್ಳ ಒಂದೊಂದು ತೆಳ್ಳನೆಯ ಪೊರೆಯಿದೆ. ಸ್ನಾಯುವೊಂದು ಇದನ್ನು ಒಳಕ್ಕೆ ಸೆಳೆದು ಬಿಟ್ಟಾಗ ಟಿಕ್ ಎಂಬ ಸದ್ದಾಗುತ್ತದೆ. ಕ್ಷಣಕ್ಕೆ ಹಲವಾರು ಸಲ ಹೀಗೆ ಸೆಳೆದು ಬಿಡುವುದರಿಂದ ಸದ್ದುಗಳೆಲ್ಲ ಕೂಡಿ ಒಂದೇ ನಾದವಾಗುತ್ತವೆ. ಟೊಳ್ಳಾದ ಹೊಟ್ಟೆ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸುತ್ತದೆ. ಗಂಡುಗಳೆಲ್ಲ ಒಂದೇ ಮರದಲ್ಲಿ ಸೇರಿ ಹಾಡುವಾಗ ಧ್ವನಿಯ ತೀವ್ರತೆ ೯೦ ಡೆಸಿಬೆಲ್ ಮೀರುವುದುಂಟು. ಕೆಳಗೆ ನಿಂತು ಮಾತನಾಡುವವರು ಕೂಗಿ ಮಾತನಾಡಬೇಕಾಗುತ್ತದೆ. ಹೆಣ್ಣಿಗೆ ಹಾಡಿಲ್ಲ, ತನಗೆ ಒಪ್ಪಿಗೆಯಾದ ಹಾಡಿಗೆ ಅದು ರೆಕ್ಕೆಯನ್ನೊಮ್ಮೆ ಕೊಡವಿ ಉತ್ತರ ಕೊಡುತ್ತದೆ.

ಕೂಡಿದ ಮೇಲೆ ಹೆಣ್ಣು ಎಳೆಯ ಕೊಂಬೆಗಳನ್ನು ಸೀಳಿ, ಒಂದೊಂದು ಸೀಳಿನಲ್ಲಿಯೂ ಸುಮಾರು ೨೦ರಂತೆ ಒಟ್ಟು ೫೦೦ರಷ್ಟು ಮೊಟ್ಟೆಗಳನ್ನು ಇಡುತ್ತದೆ. ಇದರಿಂದ ಕೊಂಬೆಯ ತುದಿಗಳು ಒಣಗಿ ಜೋತುಬೀಳುತ್ತವೆ. ಎಳೆಯ ಸಸಿಗಳಿಗೆ ಇದು ಪೆಟ್ಟು. ಬಲಿತ ಮರಕ್ಕೆ ಲೆಕ್ಕವಿಲ್ಲ. ನಾಲ್ಕಾರು ವಾರಗಳಲ್ಲಿ ದೊಡ್ಡ ಕೀಟಗಳೆಲ್ಲ ಸತ್ತು ಮರದಡಿಯಲ್ಲಿ ರಾಶಿಬೀಳುತ್ತವೆ. ಇಟ್ಟ ಮೇಲೆ ಆರರಿಂದ ಹತ್ತು ವಾರಗಳಲ್ಲಿ ಮೊಟ್ಟೆಗಳು ಒಡೆಯುತ್ತವೆ. ಅಕ್ಕಿಕಾಳಿಗಿಂತ ಸಣ್ಣದಾದ ಬಿಳಿಯ ಮರಿಗಳು ನೆಲಕ್ಕುದುರಿ, ಬಿರುಕು ಹುಡುಕಿಕೊಂಡು ಮಣ್ಣಿನೊಳಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಅವುಗಳ ಅಜ್ಞಾತವಾಸ.

ಎಣಿಕೆಯ ಗುಟ್ಟು

ನೆಲದೊಳಗೆ ಇವು ನಿದ್ದೆಮಾಡುತ್ತಿರುತ್ತವೆ ಎಂಬ ಭಾವನೆ ತಪ್ಪು. ಮರಿಯು ಮರದ ಬೇರಿಗೆ ಮೂತಿಯನ್ನು ಚುಚ್ಚಿ, ಬೇರಿನಿಂದ ಎಲೆಗೆ ನೀರನ್ನು ಒಯ್ಯುವ ಕ್ಸೈಲಮ್ ಎಂಬ ನಾಳಗಳ ರಸವನ್ನು ಹೀರುತ್ತ ಎಚ್ಚರವಾಗಿಯೇ ಇರುತ್ತದೆ. ಈ ರಸ ಬಹುಮಟ್ಟಿಗೆ ಬರಿಯ ನೀರು, ಪೌಷ್ಟಿಕಾಂಶ ಅತ್ಯಲ್ಪ. ಮೈ ಬೆಳೆಯಲು ಬೇಕಾದ ಅಮೈನೋ ಆಮ್ಲಗಳಲ್ಲಿ ಹಲವನ್ನು ಕೀಟದ ದೇಹದಲ್ಲಿಯೇ ಬಾಳುವ ಬ್ಯಾಕ್ಟೀರಿಯಗಳು ತಯಾರಿಸಿಕೊಡುತ್ತವೆ. ಇಂಥ ಬಡ ಆಹಾರದಿಂದ ಬೆಳವಣಿಗೆ ನಿಧಾನವಾಗುವುದು ಸಹಜ. ಮರಿಗಳು ಪೊರೆ ಬಿಡುತ್ತ ಐದು ಹಂತಗಳನ್ನು ದಾಟಬೇಕು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಒಂದೇ ವರ್ಷ ಹುಟ್ಟಿದ ಮರಿಗಳೆಲ್ಲ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ನೆಲವನ್ನು ಅಗೆದು ನೋಡಿದವರಿಗೆ ಒಂದೇ ವಯಸ್ಸಿನ ಮರಿಗಳಲ್ಲಿ ದೊಡ್ಡವೂ ಸಣ್ಣವೂ ಸಿಕ್ಕಿವೆ. ಆದರೂ ಹೊರಬರುವಾಗ ಎಲ್ಲವೂ ಒಟ್ಟಿಗೆ ಬರುತ್ತವೆ. ಬೇಗ ಬೆಳೆದವು ಹಿಂದುಳಿದವಕ್ಕಾಗಿ ಕಾಯುತ್ತವೆ. ಆದ್ದರಿಂದ ಮೈ ಬಲಿತೊಡನೆ ಹೊರಬರುವುದೆಂಬುದು ಇವುಗಳ ನಿಯಮವಲ್ಲ. ಇವು ನಿಜವಾಗಿಯೂ ವರ್ಷಗಳನ್ನು ಎಣಿಸುತ್ತವೆ ಎಂದಾಯಿತು.

ಏನನ್ನು ನೋಡಿ ಎಣಿಸುತ್ತವೆ? ಆಳದ ಮಣ್ಣಿನಲ್ಲಿ ಹಗಲಿರುಳುಗಳ ಭೇದವಿಲ್ಲ. ಅಲ್ಲಿಗೆ ಹೊರಗಿನ ಸುದ್ದಿಯನ್ನು ತರುವುದು ಬೇರಿನ ರಸ. ಚಳಿಗಾಲದಲ್ಲಿ ಎಲೆಯುದುರಿಸಿದ ಮರ ವಸಂತದಲ್ಲಿ ಚಿಗುರುವಾಗ ರಸದ ಹರಿವೂ ಗುಣವೂ ಬದಲಾಗುತ್ತವೆ. ಕ್ಯಾಲಿಫೋರ್ನಿಯದ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಲು ಸರಳವೂ ಸುಂದರವೂ ಆದ ಪ್ರಯೋಗವೊಂದನ್ನು ಮಾಡಿ, ೨೦೦೦ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆಲದಲ್ಲಿ ೧೫ ವರ್ಷ ಕಳೆದಿದ್ದ ಮರಿಗಳನ್ನು ತಂದು ಪೀಚ್ ಗಿಡಗಳ ಬೇರಿಗೆ ಬಿಟ್ಟರು. ಆ ಗಿಡಗಳು ಒಂದೇ ವರ್ಷದಲ್ಲಿ ಎರಡು ಸಲ ಚಿಗುರಿ ಹೂಬಿಡುವಂತೆ ಮಾಡಿದರು. ಮರಿಗಳು ಒಂದು ವರ್ಷ ಮುಂಚಿತವಾಗಿಯೇ ಹೊರಬಂದವು! ಅಂದರೆ ಅವು ಎಣಿಸಿದ್ದು ಸೂರ್ಯನ ವರ್ಷಗಳನ್ನಲ್ಲ, ಮರದ ವಸಂತಗಳನ್ನು. ಎಣಿಸಿದ ಸಂಖ್ಯೆಯನ್ನು ದೇಹದ ಯಾವ ಭಾಗ, ಯಾವ ರೀತಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ ಎಂಬ ಸಮಸ್ಯೆ ಮಾತ್ರ ಇನ್ನೂ ಪೂರ್ತಿಯಾಗಿ ಬಿಡಿಸಲ್ಪಟ್ಟಿಲ್ಲ.

ಸಂಖ್ಯೆಯೇ ರಕ್ಷೆ

ಸಿಕಾಡಕ್ಕೆ ಆಯುಧವಿಲ್ಲ, ವಿಷವಿಲ್ಲ, ಓಟದಲ್ಲಿ ಚುರುಕಿಲ್ಲ. ಹಕ್ಕಿ, ಅಳಿಲು, ಆಮೆ, ಮೀನು—ಯಾವುದು ಬಂದರೂ ಸುಲಭವಾಗಿ ಹಿಡಿದು ತಿನ್ನಬಹುದು. ಹೀಗಿದ್ದೂ ಈ ಕುಲ ಉಳಿದು ಬಂದಿದೆ. ಅದರ ಉಪಾಯ ಒಂದೇ: ತಿನ್ನುವವರ ಹೊಟ್ಟೆ ಹಿಡಿಸಲಾರದಷ್ಟು ಸಂಖ್ಯೆಯಲ್ಲಿ ಒಮ್ಮೆಗೇ ಬರುವುದು.

ಆ ಸಂಖ್ಯೆ ಎಂಥದು? ೧೯೫೬ರಲ್ಲಿ ಎದ್ದ ತಂಡವನ್ನು ಷಿಕಾಗೋ ನಗರದ ಸಮೀಪದ ಕಾಡಿನಲ್ಲಿ ಡೈಬಾಸ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಎಣಿಸಿ, ೧೯೬೨ರಲ್ಲಿ ವರದಿಮಾಡಿದರು. ತಗ್ಗಿನ ಕಾಡಿನಲ್ಲಿ ಎಕರೆಗೆ ಸುಮಾರು ೧೫ ಲಕ್ಷ ಕೀಟಗಳು ಎದ್ದಿದ್ದವು. ಲೆಕ್ಕಹಾಕಿದರೆ ಒಂದು ಚದರ ಅಡಿ ನೆಲಕ್ಕೆ ೩೪ ಕೀಟಗಳಾಯಿತು. ಆರ್ಕನ್ಸಾ ಪ್ರಾಂತದಲ್ಲಿ ಹದಿಮೂರು ವರ್ಷದ ತಂಡವೊಂದನ್ನು ಅಭ್ಯಸಿಸಿ ೧೯೯೩ರಲ್ಲಿ ಪ್ರಕಟಿಸಿದ ವರದಿಯಂತೆ, ಒಟ್ಟು ಸಂಖ್ಯೆಯ ಅರ್ಧದಷ್ಟು ಕೀಟಗಳು ಬೆನ್ನುಬೆನ್ನಿಗೆ ಬಂದ ನಾಲ್ಕೇ ಇರುಳುಗಳಲ್ಲಿ ಹೊರಬಂದವು. ಹಕ್ಕಿಗಳು ತಿಂದು ಮುಗಿಸಿದ್ದು ಒಟ್ಟಿನಲ್ಲಿ ಶೇಕಡ ೧೫ರಷ್ಟು ಮಾತ್ರ. ಆದರೆ ಕೀಟಗಳು ವಿರಳವಾಗಿದ್ದ ದಿನಗಳಲ್ಲಿ, ಇದ್ದವನ್ನೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಹಕ್ಕಿಗಳು ಮುಗಿಸಿಬಿಟ್ಟವು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ನಮ್ಮ ನಾಡಿನಲ್ಲಿ ಇದೇ ಉಪಾಯವನ್ನು ಬಿದಿರು ಅನುಸರಿಸುತ್ತದೆ. ಹತ್ತಾರು ವರ್ಷ ಹೂವನ್ನೇ ಕಾಣದ ಬಿದಿರುಮೆಳೆಗಳು ಒಂದು ವರ್ಷ ಒಟ್ಟಿಗೆ ಹೂಬಿಟ್ಟು, ಬಿದಿರಕ್ಕಿಯನ್ನು ಸುರಿಸಿ ಸಾಯುತ್ತವೆ. ಮಿಜೋರಮಿನ ಒಂದು ಬಗೆಯ ಬಿದಿರು ಸುಮಾರು ೪೮ ವರ್ಷಗಳಿಗೊಮ್ಮೆ, ೧೯೫೯ರಲ್ಲಿಯೂ ೨೦೦೭ರಲ್ಲಿಯೂ, ಹೀಗೆ ಹೂಬಿಟ್ಟಿತು. ಇಲಿಗಳು ಎಷ್ಟೇ ತಿಂದರೂ ಮೊಳೆಯುವಷ್ಟು ಬೀಜ ಉಳಿದೇ ಉಳಿಯುತ್ತದೆ.

ಭಾರತದಲ್ಲಿ ಗಡುವಿಗೆ ಸರಿಯಾಗಿ ಏಳುವ ಸಿಕಾಡವೂ ಉಂಟು. ಮೇಘಾಲಯದ ರೀ-ಭೋಯ್ ಜಿಲ್ಲೆಯಲ್ಲಿ ನಿಯಾಂಗ್‌ತಾಸೆರ್ ಎಂದು ಕರೆಯುವ ಸಿಕಾಡ ೪ ವರ್ಷಗಳಿಗೊಮ್ಮೆ ಗುಂಪಾಗಿ ಹೊರಬರುತ್ತದೆ. ೨೦೧೦, ೨೦೧೪, ೨೦೧೮, ೨೦೨೨—ಇವು ಅದು ಎದ್ದ ವರ್ಷಗಳು. ಫುಟ್‌ಬಾಲ್ ವಿಶ್ವಕಪ್ ನಡೆಯುವ ವರ್ಷಗಳೂ ಇವೇ ಆದ್ದರಿಂದ ಇದಕ್ಕೆ ವಿಶ್ವಕಪ್ ಸಿಕಾಡ ಎಂಬ ಅಡ್ಡಹೆಸರು ಬಿದ್ದಿದೆ. ಊರಿನವರು ಇದನ್ನು ಇರುಳಿನಲ್ಲಿ ಆಯ್ದು ತಂದು ಆಹಾರವಾಗಿ ಬಳಸುತ್ತಾರೆ. ವಿಜ್ಞಾನಿಗಳು ಇದಕ್ಕೆ ಶಾಸ್ತ್ರೀಯ ಹೆಸರನ್ನು ಕೊಟ್ಟದ್ದು ೨೦೧೩ರಲ್ಲಿ.

ಹದಿಮೂರೇ ಏಕೆ, ಹದಿನೇಳೇ ಏಕೆ?

೧೩, ೧೭ ಇವೆರಡೂ ಅವಿಭಾಜ್ಯ ಸಂಖ್ಯೆಗಳೆಂಬುದನ್ನು ಗಣಿತ ಬಲ್ಲ ವಾಚಕರು ಈಗಾಗಲೇ ಗಮನಿಸಿರಬಹುದು. ಸಿಕಾಡದ ಆವರ್ತ ೧೨ ವರ್ಷವೆಂದು ಭಾವಿಸೋಣ. ಆಗ ೨, ೩, ೪ ಅಥವಾ ೬ ವರ್ಷಗಳಿಗೊಮ್ಮೆ ಹೆಚ್ಚುವ ಯಾವುದೇ ವೈರಿ, ಪ್ರತಿಸಲವೂ ಸಿಕಾಡ ಏಳುವ ವರ್ಷವೇ ತಾನೂ ಹೆಚ್ಚಬಹುದು. ಆವರ್ತ ೧೭ ಆದರೆ ಈ ಅವಕಾಶವಿಲ್ಲ. ೫ ವರ್ಷಗಳ ಆವರ್ತದ ವೈರಿ ಅದನ್ನು ಸಂಧಿಸುವುದು ೮೫ ವರ್ಷಗಳಿಗೊಮ್ಮೆ. ಈ ವಾದ ಚೆಲುವಾಗಿದ್ದರೂ, ಇಂಥ ವೈರಿ ಇದೇ ಎಂದು ಬೊಟ್ಟುಮಾಡಿ ತೋರಿಸಲು ಯಾರಿಗೂ ಸಾಧ್ಯವಾಗಿಲ್ಲ. ಬೇರೆ ಬೇರೆ ಆವರ್ತದ ತಂಡಗಳು ಒಂದೇ ವರ್ಷ ಎದ್ದು ಬೆರೆತರೆ ಸಂತಾನದ ಗಡುವು ಕೆಡುವುದೆಂದೂ, ಅವಿಭಾಜ್ಯ ಸಂಖ್ಯೆಗಳು ಈ ಬೆರಕೆಯನ್ನು ಅಪರೂಪವಾಗಿಸುತ್ತವೆಂದೂ ಇನ್ನೊಂದು ವಾದವುಂಟು. ೧೩ ಮತ್ತು ೧೭ರ ಲಘುತಮ ಸಾಮಾನ್ಯ ಅಪವರ್ತ್ಯ ೨೨೧. ಹದಿನೇಳು ವರ್ಷದ ೧೩ನೆಯ ತಂಡ ಮತ್ತು ಹದಿಮೂರು ವರ್ಷದ ೧೯ನೆಯ ತಂಡ ೧೮೦೩ರಲ್ಲಿ ಒಟ್ಟಿಗೆ ಎದ್ದವು, ಮತ್ತೆ ಒಟ್ಟಿಗೆ ಎದ್ದುದು ೨೦೨೪ರಲ್ಲಿ, ಇನ್ನು ೨೨೪೫ರಲ್ಲಿ.

ಸತ್ತ ಮೇಲೂ ಈ ಕೀಟಗಳು ಕಾಡಿಗೆ ಉಪಕಾರಿಗಳೇ. ಮರದಡಿಯಲ್ಲಿ ಕೊಳೆಯುವ ಅವುಗಳ ರಾಶಿ ಒಳ್ಳೆಯ ಗೊಬ್ಬರವಾಗುತ್ತದೆಂಬುದನ್ನು ಲೂಯಿ ಯಾಂಗ್ ೨೦೦೪ರಲ್ಲಿ ತೋರಿಸಿಕೊಟ್ಟರು. ಆದರೆ ಅವು ಏಳುವ ವರ್ಷ ಕಾಡಿನ ವ್ಯವಹಾರವೇ ಏರುಪೇರಾಗುವುದೂ ನಿಜ. ೨೦೨೧ರಲ್ಲಿ ಹತ್ತನೆಯ ತಂಡ ಎದ್ದಾಗ ಹಕ್ಕಿಗಳೆಲ್ಲ ಸಿಕಾಡಗಳಿಗೆ ಮುಗಿಬಿದ್ದು ಕಂಬಳಿಹುಳುಗಳನ್ನು ಮರೆತವು. ಕಂಬಳಿಹುಳುಗಳು ಹೆಚ್ಚಿ ಓಕ್ ಮರಗಳ ಎಲೆಗಳಿಗೆ ಎಂದಿಗಿಂತ ಇಮ್ಮಡಿ ಹಾನಿಯಾಯಿತು.

ನೆಲದ ಭರವಸೆ

ಹದಿನೇಳು ವರ್ಷ ಕಾಯುವ ಉಪಾಯಕ್ಕೆ ಒಂದು ಮುಖ್ಯ ಆಧಾರವಿದೆ. ಮರಿ ಇಳಿದ ನೆಲದ ಮೇಲೆ ಅದು ಹೊರಬರುವವರೆಗೂ ಮರ ನಿಂತಿರಬೇಕು. ಮರವನ್ನು ಕಡಿದು ಬುಡ ಕಿತ್ತರೆ ಮರಿಗಳು ಬೇರಿಲ್ಲದೆ ಸಾಯುತ್ತವೆ. ನೆಲಕ್ಕೆ ಡಾಂಬರು ಹಾಸಿದರೆ ಹೊರಬರುವ ದಾರಿಯೇ ಮುಚ್ಚುತ್ತದೆ. ಅಜ್ಞಾತವಾಸದಲ್ಲಿರುವವರನ್ನು ಕಾಣುವವರಿಲ್ಲವಾದ್ದರಿಂದ, ಆದ ಹಾನಿ ತಿಳಿಯುವುದು ಗಡುವಿನ ವರ್ಷ ಬಂದಾಗಲೇ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಕನೆಕ್ಟಿಕಟ್ ನದಿಯ ಕಣಿವೆಯಲ್ಲಿದ್ದ ೧೧ನೆಯ ತಂಡಕ್ಕೆ ಇದೇ ಗತಿಯಾಯಿತು. ಅದು ಕೊನೆಯದಾಗಿ ಕಂಡುಬಂದದ್ದು ೧೯೫೪ರಲ್ಲಿ. ೧೯೭೧ರಲ್ಲಿ ಅದರ ಗಡುವು ಬಂದಿತು. ಹಾಡು ಮಾತ್ರ ಕೇಳಲಿಲ್ಲ. ಫ್ಲಾರಿಡದ ಕಡೆಯಲ್ಲಿದ್ದ ೨೧ನೆಯ ತಂಡ ೧೮೭೦ರ ಅನಂತರ ಮರಳಲಿಲ್ಲ. ಇಂಥ ಅವನತಿಯಲ್ಲಿ ಸಂಖ್ಯೆಯ ನಿಯಮವೇ ತಿರುಗಿ ಹೊಡೆಯುತ್ತದೆ. ಕಾಡು ತುಂಡುತುಂಡಾಗಿ ಕೀಟಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ, ಹಕ್ಕಿಗಳ ಹೊಟ್ಟೆ ತುಂಬುವುದಕ್ಕೆ ಮೊದಲೇ ಕೀಟಗಳು ಮುಗಿದುಹೋಗುತ್ತವೆ. ಬಹುಸಂಖ್ಯೆಯೇ ರಕ್ಷೆಯಾದವರಿಗೆ ಅಲ್ಪಸಂಖ್ಯೆಯಲ್ಲಿ ಬದುಕುವುದು ಗೊತ್ತಿಲ್ಲ.

ಇದಕ್ಕೆ ಎದುರಾದ ಇನ್ನೊಂದು ನಿದರ್ಶನವನ್ನೂ ನೋಡೋಣ. ನ್ಯೂಯಾರ್ಕ್ ಪ್ರಾಂತದಲ್ಲಿ ೭ನೆಯ ತಂಡವೆಂಬ ಚಿಕ್ಕ ತಂಡವೊಂದು ಒನೊಂಡಾಗ ಎಂಬ ಮೂಲನಿವಾಸಿಗಳ ನೆಲದಲ್ಲಿಯೂ ಸುತ್ತಣ ಕೆಲವೆಡೆಗಳಲ್ಲಿಯೂ ಉಳಿದಿದೆ. ೧೭೭೯ರಲ್ಲಿ ಅಮೆರಿಕದ ಸೈನ್ಯ ಒನೊಂಡಾಗರ ಊರುಗಳನ್ನೂ ಬೆಳೆಗಳನ್ನೂ ಸುಟ್ಟಿತು. ಹಸಿವಿನಿಂದ ಕಂಗೆಟ್ಟಿದ್ದ ತಮ್ಮ ಹಿರಿಯರನ್ನು ನೆಲದಿಂದೆದ್ದ ಸಿಕಾಡಗಳೇ ಕಾಪಾಡಿದುವೆಂದು ಆ ಜನ ಇಂದಿಗೂ ಹೇಳುತ್ತಾರೆ. ಗಡುವಿನ ವರ್ಷ ಕೃತಜ್ಞತೆಯಿಂದ ಅವನ್ನು ಆಯ್ದು ತಿನ್ನುತ್ತಾರೆ. ೨೦೧೮ರಲ್ಲಿ ಆ ತಂಡ ಮತ್ತೆ ಎದ್ದಿತು.

ಎಣಿಕೆಯಲ್ಲಿಯೂ ಈಚೆಗೆ ಒಂದು ವಿಚಿತ್ರ ಕಂಡುಬಂದಿದೆ. ೨೦೨೧ರಲ್ಲಿ ಏಳಬೇಕಾಗಿದ್ದ ಹತ್ತನೆಯ ತಂಡದ ಕೀಟಗಳಲ್ಲಿ ಗಣನೀಯ ಸಂಖ್ಯೆಯವು ೪ ವರ್ಷ ಮುಂಚಿತವಾಗಿ, ೨೦೧೭ರಲ್ಲಿಯೇ ಹೊರಬಂದವು. ಹದಿನೇಳರಲ್ಲಿ ನಾಲ್ಕನ್ನು ಕಳೆದರೆ ಹದಿಮೂರು ಎಂಬುದು ಅರ್ಥವತ್ತಾಗಿದೆ. ಒಂದು ಆವರ್ತದಿಂದ ಇನ್ನೊಂದಕ್ಕೆ ಜಿಗಿಯುವ ಶಕ್ತಿ ಈ ಕುಲದಲ್ಲಿ ಹುದುಗಿದೆಯೆಂದು ಇದರಿಂದ ಊಹಿಸಬಹುದು. ಭೂಮಿಯ ಬಿಸಿ ಏರಿ ಮರಿಗಳು ಬೇಗ ಬೆಳೆಯುವಂತಾದರೆ ಇಂಥ ಜಿಗಿತಗಳು ಹೆಚ್ಚಬಹುದೆಂದು ಕೆಲವು ವಿಜ್ಞಾನಿಗಳು ಶಂಕಿಸುತ್ತಾರೆ.

ಹತ್ತನೆಯ ತಂಡದ ಮುಂದಿನ ಗಡುವು ೨೦೩೮. ಅದರ ಮರಿಗಳು ಈ ಗಳಿಗೆಯಲ್ಲಿ ಸಾವಿರಾರು ಊರುಗಳ ಮರಗಳಡಿಯಲ್ಲಿ ಬೇರಿಗೆ ಬಾಯಿಟ್ಟು, ಕಳೆದ ವಸಂತಗಳನ್ನು ಎಣಿಸುತ್ತಿವೆ. ತಮ್ಮ ಪಾಲಿನ ಲೆಕ್ಕವನ್ನು ಅವು ಇದುವರೆಗೆ ಸರಿಯಾಗಿಯೇ ಇಟ್ಟಿವೆ. ಮೇಲಿನ ಮರಗಳನ್ನು ಅಲ್ಲಿಯವರೆಗೆ ನಿಲ್ಲಗೊಡುವುದು ಮನುಷ್ಯರ ಪಾಲಿನ ಕೆಲಸ.